ಎತ್ತಿಗೊಂದು ಸೋಮವಾರ

ಕೊಳಕೂರಿನಲ್ಲಿ ಯಾವಳಾದರೂ ಹೆಂಗಸು ಹಾಡುಹಗಲು ಕಾಲು ಚಾಚಿ ಮಲಗಿದ್ದು ಕಣ್ಣಿಗೆ ಬಿದ್ದರೆ, 'ಏನಬೇ, ಕಸ್ತೂರಿಬಾಯಿ ಸೋಮವಾರ ಹಿಡದೀಯೇನು?' ಎಂದು ಕೇಳುವ ರೂಢಿ ಬಹಳ ವರ್ಷ ಇತ್ತು. ಕೇಳುವವರು ನಗುತ್ತಲೇ ಕೇಳುತ್ತಿದ್ದರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಬ್ಬ ಹೆಂಗಸು ವಾರಕ್ಕೊಂದು ದಿನ ಬೆನ್ನು ನೆಲಕ್ಕೆ ಹಚ್ಚುವುದಕ್ಕಾಗಿ ಮನೆಯವರ ಜೊತೆ, ಊರಿನ ಜೊತೆ, ಕೊನೆಗೆ ಬಸವಣ್ಣನ ಜೊತೆಯೂ ಜಗಳ ತೆಗೆಯಬೇಕಾಯಿತು ಎನ್ನುವುದು ನಗೆಯ ಮಾತಾದರೆ, ನಕ್ಕವರ ಹಲ್ಲು ಉದುರಲಿ.

ಕಸ್ತೂರಿಬಾಯಿ ಆಳಂದ ತಾಲೂಕಿನ ಖಜೂರಿಯವಳು. ತವರಿನವರಿಗೆ ಮಹಾರಾಷ್ಟ್ರದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಲಾರಿಯವರಿಗಾಗಿ ಒಂದು ಖಾನಾವಳಿ ಇತ್ತು. ಅಪ್ಪ, ಅವ್ವ ಇಬ್ಬರೂ ನಸುಕಿನಿಂದ ಎರಡು ಗಂಟೆಯವರೆಗೆ ಮೈಮುರಿದು ದುಡಿಯುತ್ತಿದ್ದರು. ಎರಡು ಹೊಡೆಯಿತೆಂದರೆ ಬಾಗಿಲಿಗೆ ಗೋಣಿತಟ್ಟಿನ ಪರದೆ ಬೀಳುತ್ತಿತ್ತು. ಆಮೇಲೆ ಸತ್ತವರ ಸುದ್ದಿ ತಂದರೂ ಒಂದು ತಾಸು ಆ ಪರದೆ ಮೇಲೇಳುತ್ತಿರಲಿಲ್ಲ. ಸೊಲ್ಲಾಪುರದ ಡ್ರೈವರುಗಳು ಹೊರಗೆ ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತ ಕಾಯುತ್ತಿದ್ದರು. 'ಹೊಟ್ಟಿ ಒಂದ ತಾಸ ತಡೀತದ, ಮೈ ತಡಿಯಂಗಿಲ್ಲ' ಎಂದು ಅವ್ವ ಮಗಳನ್ನು ಮಗ್ಗುಲಿಗೆ ಎಳೆದುಕೊಂಡು ಮಲಗುತ್ತಿದ್ದಳು. ಹಾಗಾಗಿ ಬಿಡುವು ಎಂದರೆ ಏನು ಎಂಬುದು ಕಸ್ತೂರಿಬಾಯಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಇಷ್ಟೆಲ್ಲ ರಗಳೆ ಆಗುತ್ತಲೇ ಇರಲಿಲ್ಲ.

ಹದಿನೆಂಟನೆಯ ವಯಸ್ಸಿಗೆ, ಅಂದರೆ ಅರವತ್ತಾರನೆಯ ಇಸವಿಯಲ್ಲಿ, ಆಕೆಯನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟರು. ಮಾವ ಶಾಂತಲಿಂಗಪ್ಪ ಮೂವತ್ತು ಎಕರೆ ಎರೆಹೊಲ, ಎರಡು ಜೋಡಿ ಎತ್ತಿನ ಒಡೆಯ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬಾಯಲ್ಲಿ ಶರಣರ ಮಾತು. ಅತ್ತೆ ಸುಭದ್ರಾಬಾಯಿ ಹನ್ನೊಂದು ಹಡೆದು ನಾಲ್ಕು ಉಳಿಸಿಕೊಂಡವಳು, ಹೆಣ್ಣುಮಕ್ಕಳು ಮೂವರನ್ನೂ ಗಂಡನ ಮನೆಗೆ ಕಳಿಸಿದವಳು. ಉಳಿದ ಒಬ್ಬನೇ ಮಗ ದೇವೀಂದ್ರಪ್ಪ ಕಸ್ತೂರಿಬಾಯಿಯ ಗಂಡ. ಕೆಟ್ಟವನಲ್ಲ. ಅಪ್ಪನ ಎದುರು ಅವನ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು, ಅಷ್ಟೆ.

ಆ ಮನೆಯಲ್ಲಿ ಸೊಸೆಯ ದಿನ ಹೇಗಿತ್ತೆಂದು ಹೇಳಹೊರಟರೆ ನನಗೇ ಉಸಿರು ಕಟ್ಟುತ್ತದೆ. ಕೋಳಿ ಕೂಗುವ ಮೊದಲು ಸೆಗಣಿ, ಆಮೇಲೆ ಬಾವಿಯಿಂದ ಇಪ್ಪತ್ತು ಕೊಡ ನೀರು, ಆಮೇಲೆ ಒಲೆಯ ಮುಂದೆ ನಲವತ್ತೈದು ಜೋಳದ ರೊಟ್ಟಿ. ಆಕೆಯ ಮೂರು ಮಕ್ಕಳು ಸೇರಿ ಮನೆಯವರು ಏಳು ಮಂದಿ, ಆಳುಮಗ ಬೀರಣ್ಣ ಮತ್ತು ಇನ್ನೊಬ್ಬ ಆಳು, ಹೋಗುವವರು ಬರುವವರು ಬೇರೆ. ರೊಟ್ಟಿ ಮುಗಿದರೆ ಬುತ್ತಿ ಹೊತ್ತು ಹೊಲಕ್ಕೆ, ಹೊಲದಲ್ಲಿ ಸಂಜೆಯ ತನಕ ಕಳೆ, ಬರುವಾಗ ತಲೆಯ ಮೇಲೆ ಮೇವು. ಮನೆಗೆ ಬಂದರೆ ಒಲೆ ಮತ್ತೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಅತ್ತೆಯೂ ಕೂರುತ್ತಿರಲಿಲ್ಲ, ಆ ಮಾತು ಮೊದಲೇ ಹೇಳಿಬಿಡಬೇಕು. ಹಾಲು, ಹೈನು, ಹಸನು ಮಾಡುವುದು, ಬೀಸುವುದು ಎಂದು ಆಕೆ ಒಂದು ಕ್ಷಣ ನಿಂತವಳಲ್ಲ. 'ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು' ಎನ್ನುವುದು ಆಕೆಯ ಮಂತ್ರ. ಹಗಲು ಹೊತ್ತು ತನ್ನ ಬೆನ್ನು ನೆಲ ಕಂಡಿಲ್ಲ ಎನ್ನುವುದೇ ಆಕೆಯ ಹೆಮ್ಮೆ. ಬೇರೆ ಹೆಮ್ಮೆ ಯಾರು ಕೊಟ್ಟಿದ್ದರು ಆಕೆಗೆ?

ಇನ್ನು ಸೋಮವಾರದ ಮಾತು. ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಎಂದರೆ ಬಸವಣ್ಣ, ವಾರಕ್ಕೊಂದು ದಿನ ಆತನ ಹೆಗಲ ಮೇಲೆ ನೊಗ ಇಡಬಾರದು. ಒಳ್ಳೆಯ ಪದ್ಧತಿ, ಇದನ್ನು ಹಾಕಿಕೊಟ್ಟ ಹಿರಿಯರಿಗೆ ಕೈಮುಗಿಯಬೇಕು. ಎತ್ತಿಗೆ ಬಿಡುವಾದ ಮೇಲೆ ಅದರ ಹಿಂದೆ ನಡೆಯುವ ಗಂಡಸಿಗೂ ಬಿಡುವೇ. ಆ ದಿನ ಶಾಂತಲಿಂಗಪ್ಪ ಕಟ್ಟೆಗೆ ಹೋಗುತ್ತಿದ್ದರು, ದೇವೀಂದ್ರಪ್ಪ ಹುಣಸೆ ಗಿಡದ ಕೆಳಗೆ ಇಸ್ಪೀಟೆಲೆ ಆಡುತ್ತಿದ್ದ, ಬೀರಣ್ಣ ಸಹ ಗುಡಿಯ ನೆರಳಿಗೆ ಗೊರಕೆ ಹೊಡೆಯುತ್ತಿದ್ದ. ಕಸ್ತೂರಿಬಾಯಿಗೆ ಮಾತ್ರ ಸೋಮವಾರ ಒಂದೂವರೆ ದಿನದ ಕೆಲಸ. ಎತ್ತುಗಳ ಮೈ ತೊಳೆಯಲು ನೀರು ಹೊರಬೇಕು, ಹುರಳಿ ಕುದಿಸಬೇಕು, ಇಡೀ ಮನೆ ಸಾರಿಸಬೇಕು, ಪೂಜೆಗೆ ಬಂದ ಅಯ್ಯನವರಿಗೆ ಸಿಹಿ ಮಾಡಬೇಕು. ಎತ್ತಿನ ಬಿಡುವಿಗೂ ದುಡಿಯುವವಳು ಆಕೆಯೇ. ಇದರಲ್ಲಿ ಏನೋ ತಪ್ಪಿದೆ ಎಂದು ಹದಿನಾರು ವರ್ಷ ಆ ಮನೆಯಲ್ಲಿ ಯಾರಿಗೂ ಅನಿಸಲಿಲ್ಲ.

ಎಂಬತ್ತೆರಡರ ಬೇಸಿಗೆಯಲ್ಲಿ ಆಕೆಯ ಮೈ ಹೇಳಿತು. ಕೊಡ ಎತ್ತಿದರೆ ಕೆಳಹೊಟ್ಟೆ ಕಳಚಿ ಬಿದ್ದಂತಾಗುತ್ತಿತ್ತು. ಒಂದು ದಿನ ಬಾವಿಯ ದಂಡೆಯಲ್ಲೇ ಕುಸಿದು ಕೂತಳು. ದೇವೀಂದ್ರಪ್ಪ ಜೇವರ್ಗಿಗೆ ಕರೆದೊಯ್ದು ಡಾಕ್ಟರಬಾಯಿಗೆ ತೋರಿಸಿದ. ಆ ಡಾಕ್ಟರಬಾಯಿ ಮುತುವರ್ಜಿಯವರು, ನೋಡಿ ಗಂಡನನ್ನೂ ಒಳಗೆ ಕರೆದರು.

"ಗರ್ಭಚೀಲ ಜಾರಾಕತ್ತದ," ಎಂದರು. "ಭಾರ ಎತ್ತಬಾರದು. ವಾರಕ್ಕ ಒಂದು ದಿನಾನರೆ ಪೂರಾ ಮಲಗಬೇಕು. ಇಲ್ಲಾಂದ್ರ ವರ್ಷದಾಗ ಗುಲಬರ್ಗಾಕ್ಕ ಒಯ್ದು ಕೊಯ್ಯಬೇಕಾಗ್ತದ. ತಿಳೀತೇನು?"

"ತಿಳೀತ್ರಿ," ಎಂದ ದೇವೀಂದ್ರಪ್ಪ.

ಡಾಕ್ಟರಬಾಯಿ ಅದನ್ನು ಚೀಟಿಯ ಮೇಲೆ ಬರೆದೂ ಕೊಟ್ಟರು. ಅವನು ಆ ಚೀಟಿಯನ್ನು ಭಕ್ತಿಯಿಂದ ದೇವರ ಪಟದ ಹಿಂದೆ ಸಿಕ್ಕಿಸಿದ. ಅಲ್ಲಿಗೆ ಚೀಟಿಗೆ ಬಿಡುವು ಸಿಕ್ಕಿತು.

ಮನೆಯವರು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಸೊಸೆಗೆ ಹವೆ ಬದಲಾಗಲಿ ಎಂದು ಶಾಂತಲಿಂಗಪ್ಪ ತಾವೇ ಹುಣ್ಣಿಮೆಗೆ ಗಾಣಗಾಪುರದ ಪ್ರಯಾಣ ಗೊತ್ತು ಮಾಡಿದರು. ಅಫಜಲಪುರದಲ್ಲಿದ್ದ ಅವರ ದೊಡ್ಡ ಮಗಳು ಇದನ್ನು ಕೇಳಿ ಗಂಡ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅವಳ ನೆರೆಮನೆಯವರು ಮೂವರು ಬಂದರು. ಒಟ್ಟು ಹದಿಮೂರು ಮಂದಿ. ಭೀಮೆಯ ದಂಡೆಗೆ ಮೂರು ಕಲ್ಲು ಹೂಡಿ, ಹಸಿ ಕಟ್ಟಿಗೆ ಊದಿ ಊದಿ, ಮೂರು ದಿನ ಹದಿಮೂರು ಮಂದಿಗೆ ಬೇಯಿಸಿ ಹಾಕಿದವಳು ಕಸ್ತೂರಿಬಾಯಿ. ಎಲ್ಲರೂ ನದಿಯಲ್ಲಿ ಮಿಂದು, ದರ್ಶನ ಮಾಡಿ, ಲಾಡ್ಜಿನ ಜಗುಲಿಯಲ್ಲಿ ಉರುಳಿಕೊಂಡರು. ತಿರುಗಿ ಬರುವಾಗ ಬಸ್ಸಿನಲ್ಲಿ ಶಾಂತಲಿಂಗಪ್ಪ, "ಈಗ ಹೆಂಗನಸ್ತದವಾ, ಆರಾಮನಸ್ತದಿಲ್ಲೋ?" ಎಂದು ಕೇಳಿದರು. ಆಕೆ ಕಿಟಕಿಯ ಹೊರಗೆ ನೋಡಿದಳು. ಹೊಟ್ಟೆಯೊಳಗಿನ ಸಿಟ್ಟು ಮಾತಾಗಿ ಬರಲು ಅದಕ್ಕಿನ್ನೂ ದಾರಿ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಎತ್ತು. ಆಷಾಢದಲ್ಲಿ ಹಂಡ ಎನ್ನುವ ಎತ್ತಿಗೆ ಹೆಗಲು ಬಾತಿತು. ಬುಗುರಿಯಷ್ಟು ಬಾವು, ದೊಡ್ಡದೇನಲ್ಲ. ಮನೆಯೆಲ್ಲ ಮಮ್ಮಲ ಮರುಗಿತು. ಶಾಂತಲಿಂಗಪ್ಪ ಊಟ ಬಿಟ್ಟರು. ನೆರೆಯ ಊರಿನಿಂದ ನಾಟಿ ವೈದ್ಯ ಹುಸೇನಪೀರನನ್ನು ಕರೆಸಿದರು. ಅವನು ನೋಡಿ, "ಮೂರು ವಾರ ಹೂಡಬ್ಯಾಡ್ರಿ ಗೌಡ್ರ, ತಾನ ಇಳೀತದ" ಎಂದ. ಮೂರು ವಾರ ಎಂದರೆ ಮೂರು ವಾರ. ಹೊಲ ಬೀಳು ಬಿದ್ದರೂ ಚಿಂತೆಯಿಲ್ಲ, ಹಂಡನ ಹೆಗಲು ಮುಟ್ಟುವಂತಿಲ್ಲ. ಅದಕ್ಕೆ ಬಿಸಿ ಎಣ್ಣೆ ಅರಿಶಿನ, ಅದಕ್ಕೆ ಎರಡು ಹೊತ್ತು ಕುದಿಸಿದ ಹುರಳಿ, ಅದರ ಮುಂದೆ ಕೊಡಗಟ್ಟಲೆ ನೀರು. ಆ ಕೊಡ ಹೊರುತ್ತಿದ್ದವಳು ಯಾರು? ಭಾರ ಎತ್ತಬಾರದು ಎಂದು ಚೀಟಿ ಬರೆಸಿಕೊಂಡು ಬಂದವಳು.

ಒಂದು ಸಂಜೆ ಹುರಳಿಯ ಬುಟ್ಟಿ ಇಳಿಸುವಾಗ ಆಕೆಗೆ ಹೊಟ್ಟೆಯಲ್ಲಿ ಚಳಕು ಹೊಡೆಯಿತು. ಎತ್ತಿಗೆ ಮೇವು ಹಾಕುವ ಗ್ವಾದಲಿ ಹಿಡಿದುಕೊಂಡು ನಿಂತಳು. ಹಂಡ ತನ್ನ ದೊಡ್ಡ ಕಣ್ಣಿನಿಂದ ನೋಡಿ, ಆಕೆಯ ತೋಳು ನೆಕ್ಕಿತು. ಹಿಂದೆ ನಿಂತಿದ್ದ ಶಾಂತಲಿಂಗಪ್ಪ, "ನೋಡವಾ, ಮೂಕ ಜೀವ, ತನ್ನ ಬ್ಯಾನಿ ಹೇಳಾಕ ಬಾಯಿಲ್ಲ ಅದಕ್ಕ" ಎಂದು ಕಣ್ಣೊರೆಸಿಕೊಂಡರು. ಬಾಯಿದ್ದವಳು ಹೇಳಿ ಮೂರು ತಿಂಗಳಾಗಿತ್ತು. ಕಸ್ತೂರಿಬಾಯಿ ಎತ್ತಿನ ಮೇಲೆ ಸಿಟ್ಟಾಗಲಿಲ್ಲ, ಎತ್ತಿನದೇನು ತಪ್ಪು. ಆಕೆಗೆ ಸಿಟ್ಟು ಬಂದದ್ದು ಆ ಕಣ್ಣೊರೆಸಿದ ಕೈಯನ್ನು ನೋಡಿ.

ಶ್ರಾವಣದ ಮೊದಲ ಸೋಮವಾರ. ಅಯ್ಯನವರು ಬರುವವರಿದ್ದರು, ಕಡಬು ಆಗಬೇಕಿತ್ತು. ಕಸ್ತೂರಿಬಾಯಿ ನಸುಕಿನಲ್ಲೇ ಎದ್ದು ಮೈ ತೊಳೆದು ಲಿಂಗಪೂಜೆ ಮುಗಿಸಿದಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಆಮೇಲೆ ಒಲೆಯ ಕಡೆ ಹೋಗದೆ, ಮನೆಯೊಳಗೇ ಎತ್ತು ಕಟ್ಟುವ ದಂದಕ್ಕಿಗೆ ಹೋಗಿ, ಹಂಡನ ಮಗ್ಗುಲಿಗೆ ಒಂದು ಗೋಣಿಚೀಲ ಹಾಸಿ ಮಲಗಿಬಿಟ್ಟಳು.

ಮೊದಲು ಬಂದವರು ಮಾವ. "ಏನವಾ, ಮೈಯಾಗ ಹುಷಾರಿಲ್ಲೇನು?"

"ಹುಷಾರನ ಅದೇನಿರಿ. ಇವತ್ತ ಸೋಮವಾರ."

"ಸೋಮವಾರಾದ್ರ?"

"ಹೂಡಂಗಿಲ್ಲ."

ಶಾಂತಲಿಂಗಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. ಆದರೂ ಸಂಭಾವಿತರು, ಮೆತ್ತಗೆ ಹೇಳಿದರು: "ಕಾಯಕವೇ ಕೈಲಾಸ ಅಂತ ಶರಣರು ಹೇಳ್ಯಾರ, ನಿನಗ ತಿಳೀದೇನು?"

"ಹಂಗಾರ ಸೋಮವಾರ ಎತ್ತಿಗ್ಯಾಕ ಕೈಲಾಸ ತಪ್ಪಸ್ತೀರಿ?"

ದೇವೀಂದ್ರಪ್ಪ ಓಡಿ ಬಂದ. ಮಂದಿ ಏನು ಅಂದಾರು, ಅಯ್ಯನವರು ಬರೋ ಹೊತ್ತಾಯಿತು, ಏಳು, ಒಳಗಾದರೂ ಮಲಗು, ದನದ ಮಗ್ಗುಲಿಗೆ ಬಿದ್ದರೆ ಮನೆತನದ ಮರ್ಯಾದೆ ಏನಾದೀತು ಎಂದು ಒಂದೇ ಉಸಿರಿಗೆ ಒದರಿದ.

"ಹಂಡನ ಹೆಗಲ ಬಾತಾಗ ಮಂದಿ ಏನಂದ್ರು?" ಎಂದಳು ಕಸ್ತೂರಿಬಾಯಿ, ಮಲಗಿದಲ್ಲಿಂದಲೇ. "ಪಾಪ ಅಂದ್ರು. ನನಗೂ ಅನ್ನಲಿ. ಈ ಮನ್ಯಾಗ ಬಿಡುವು ಸಿಗೂದು ಇದೊಂದು ಜಾಗಾದಾಗ, ಅದಕ್ಕ ಇಲ್ಲೇ ಬಂದೇನಿ."

ಸುಭದ್ರಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಆಕೆಯ ಸಿಟ್ಟು ಗಂಡಸರ ಸಿಟ್ಟಿಗಿಂತ ಹೆಚ್ಚಿನದು. "ನಾ ಹನ್ನೊಂದು ಹಡದೇನಿ. ಹಡದ ಮೂರನೇ ದಿನಕ್ಕ ಬೀಸೂಕಲ್ಲಿಗೆ ಕುಂತೇನಿ. ನನ್ನ ಚೀಲ ಜಾರಲಿಲ್ಲೇನು? ನಿನಗೊಬ್ಬಾಕಿಗೆ ಮೈ ಅದ?" ಎಂದವಳೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ಹೋಗಿ ಕೂತಳು. ಪಾತ್ರೆಗಳು ಎದ್ದೆದ್ದು ಬೀಳುವ ಸಪ್ಪಳ ಎದುರು ಮನೆಯ ಹೀರಾಬಾಯಿಗೂ ಕೇಳಿಸಿತು. ಹೀರಾಬಾಯಿಗೆ ಕೇಳಿಸಿತೆಂದರೆ ಊರಿಗೆ ಡಂಗುರ ಬೇಕಿರಲಿಲ್ಲ.

ಎರಡನೆಯ ಸೋಮವಾರವೂ ಆಕೆ ದಂದಕ್ಕಿಯಲ್ಲಿ ಮಲಗಿದಳು. ಹೋಗುವವರು ಬರುವವರು ಬಾಗಿಲಲ್ಲಿ ಬಗ್ಗಿ ನೋಡತೊಡಗಿದರು. ಆಗ ಶಾಂತಲಿಂಗಪ್ಪ ಒಂದು ನ್ಯಾಯ ತೀರಿಸಿದರು. "ಆತವಾ. ಸೋಮವಾರ ನೀ ಏನೂ ಮಾಡಬ್ಯಾಡ, ಒಳಗ ಹೋಗಿ ಮಲಗು. ಆದ್ರ ಮನಿ ನಡೀಬೇಕಲ್ಲ? ಐತವಾರನ ಎರಡು ದಿನದ್ದು ರೊಟ್ಟಿ ಬಡದಿಡು, ನೀರು ತುಂಬಿಡು." ಜೋಳದ ಕಟಕ ರೊಟ್ಟಿ ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ. ಊರಿನವರೆಲ್ಲ, ಎಂಥ ದೊಡ್ಡ ಮನಸ್ಸು ಎಂದರು. ಕಸ್ತೂರಿಬಾಯಿಯೂ ಗೆದ್ದೆ ಎಂದುಕೊಂಡಳು. ಗೋಣಿಚೀಲ ಸುತ್ತಿಟ್ಟು ಒಳಗಿನ ಕೋಣೆಗೆ ಹೋದಳು.

ಗೆದ್ದದ್ದು ಏನೆಂದು ಮೂರು ವಾರದಲ್ಲಿ ಗೊತ್ತಾಯಿತು. ರವಿವಾರ ತೊಂಬತ್ತು ರೊಟ್ಟಿ, ನಲವತ್ತು ಕೊಡ. ಸೋಮವಾರ ಮಲಗಿದರೆ ತೋಳು ಸಿಡಿದು ನಿದ್ದೆಯೇ ಹತ್ತದು. ಮಂಗಳವಾರ ಎದ್ದರೆ ಎರಡು ದಿನದ ಮುಸುರೆ ಗುಡ್ಡದಂತೆ ಬಿದ್ದಿರುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ಕೊಟ್ಟ ಕೈಯಲ್ಲೇ ಕಸಿದುಕೊಂಡಿದ್ದರು. ನಾಲ್ಕನೆಯ ರವಿವಾರ ಎಂದಿನ ನಲವತ್ತೈದು ರೊಟ್ಟಿ ಆದ ಮೇಲೆ ಆಕೆ ಒಲೆಗೆ ನೀರು ಚಿಮುಕಿಸಿದಳು. ಮಾವ ಯಾಕೆಂದು ಕೇಳಿದರು.

"ಸೋಮವಾರ ಬಿಡುವು ಅದ ಅಂತ ಐತವಾರ ಎತ್ತು ಎರಡು ದಿನದ ಹೊಲಾ ಉಳತಾವೇನ್ರಿ?"

ಶಾಂತಲಿಂಗಪ್ಪ ಎದ್ದು ಹೊರಗೆ ಹೋದರು. ಆವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟರು. ಸೋಮವಾರದ ಒಲೆಯನ್ನು ಸುಭದ್ರಾಬಾಯಿ ಹಿಡಿದಳು. ಅರವತ್ತೆಂಟರ ಮುದುಕಿ, ಮೊಣಕಾಲು ಹಿಡಿದುಕೊಂಡು ಏಳುವವಳು, ಬೇಕೆಂದೇ ಸೊಸೆಯ ಕೋಣೆಯ ಮುಂದಿನಿಂದ ಕೊಡ ಹೊತ್ತು ಹೋಗುತ್ತಿದ್ದಳು, ಹೋಗುವಾಗ ನರಳುತ್ತಿದ್ದಳು. "ಅತ್ತಿ, ನೀವೂ ಇಡ್ರಿ ಅದನ್ನ," ಎಂದು ಕಸ್ತೂರಿಬಾಯಿ ಎರಡು ಸಲ ಅಂದಳು. "ನಾ ಸತ್ತಮ್ಯಾಲ ಮಲಗ್ತೇನಿ," ಎನ್ನುವುದು ಉತ್ತರ. ಆ ನರಳಾಟ ಕೇಳಿದಾಗಲೆಲ್ಲ ಎದ್ದು ಕೊಡ ಕಸಿದುಕೊಳ್ಳಬೇಕೆನಿಸುತ್ತಿತ್ತು. ಎದ್ದರೆ ಮುಗಿಯಿತು, ಸೋಮವಾರ ಹೋಯಿತು ಎಂದು ಆಕೆ ಗೋಡೆಯ ಕಡೆ ಹೊರಳಿ ಹಲ್ಲು ಕಚ್ಚುತ್ತಿದ್ದಳು. ಅತ್ತೆಯ ಮೇಲೆ ಆಕೆಗೆ ಕನಿಕರವೂ ಬರುತ್ತಿತ್ತು, ಹಾಳು ಮುದುಕಿ ಎಂದು ಬೈಗುಳವೂ ಬರುತ್ತಿತ್ತು. ಆದರೆ ಮೈ ಮಾತ್ರ ಸುಧಾರಿಸಿತು. ಹಿಂಗಾರಿ ಬಿತ್ತಿಗೆ ಮುಗಿಯುವ ಹೊತ್ತಿಗೆ ಹೊಟ್ಟೆ ಜಗ್ಗುವುದು ಅರ್ಧ ಕಡಿಮೆಯಾಗಿತ್ತು.

ಹೀಗೆ ಆರು ತಿಂಗಳು ನಡೆಯಿತು. ಎಂಬತ್ತಮೂರರ ಫೆಬ್ರುವರಿ ಬಂತು. ಜೋಳ ಕಿತ್ತು, ತೆನೆ ಮುರಿದು, ಊರಿನಿಂದ ಒಂದು ಮೈಲಿಯ ಕಣದಲ್ಲಿ ಗುಡ್ಡೆ ಹಾಕಿದ್ದರು. ಮರುದಿನ ರಾಶಿ. ಆ ಸೋಮವಾರ ಮಧ್ಯಾಹ್ನ ನೋಡನೋಡುತ್ತ ಪಡುವಣ ಕಪ್ಪಾಯಿತು. ಅಡ್ಡಮಳೆ. ತೆನೆ ನೆನೆದರೆ ಕಾಳು ಕಪ್ಪಾಗುತ್ತದೆ, ಕಪ್ಪು ಜೋಳ ತಿನ್ನಲೂ ಬಾರದು, ಮಾರಲೂ ಬಾರದು. ಗಾಡಿ ಹೂಡಿದರೆ ನಾಲ್ಕು ಖೇಪಿಗೆ ಎಲ್ಲ ಮನೆ ಸೇರುತ್ತಿತ್ತು. ಆದರೆ ಸೋಮವಾರ. ಸೋಮವಾರದ ಹಂಗಿಲ್ಲದ ದಾವಲಸಾಬನ ಗಾಡಿಯೊಂದು ಊರಲ್ಲಿತ್ತು. ಊರಿನ ಭಕ್ತರೆಲ್ಲ ಆಗಲೇ ಅವನ ಬಾಗಿಲಲ್ಲಿದ್ದರು. ಸಾಬರ ಎತ್ತು ಬಸವಣ್ಣನಲ್ಲ ಎಂದು ಕಾಣುತ್ತದೆ. ಶಾಂತಲಿಂಗಪ್ಪನ ಪಾಳಿ ಬರುವ ಹೊತ್ತಿಗೆ ಮಳೆ ಬಂದು ಹೋಗಿರುತ್ತಿತ್ತು.

ಅವರು ಏದುಸಿರು ಬಿಡುತ್ತ ಮನೆಗೆ ಬಂದರು. ಆರು ತಿಂಗಳ ಮೌನ ಮುರಿದರು. "ಹೆಡಗಿ ತಗೋರಿ ಎಲ್ಲಾರೂ. ತಲಿ ಮ್ಯಾಲ ಹೊತ್ತು ತರೂಣು. ಕಸ್ತೂರಿ, ಏಳವಾ."

ಕಸ್ತೂರಿಬಾಯಿ ಕೋಣೆಯಿಂದ ಎದ್ದು ಬಂದಳು. ಆಕೆಗೂ ಆ ಜೋಳ ಬೇಡವಾಗಿತ್ತೇ? ಕಳೆ ಕಿತ್ತವಳು ಆಕೆ, ಹಕ್ಕಿ ಕಾದವಳು ಆಕೆ. "ಗಾಡಿ ಹೂಡ್ರಿ, ನಾನೂ ಏಳ್ತೇನಿ," ಎಂದಳು.

"ಸೋಮವಾರ ಎತ್ತಿನ ಮೈ ಮುಟ್ಟು ಅಂತೀಯೇನು?"

"ನನ್ನ ಮೈ ಮುಟ್ಟು ಅಂತೀರಲ್ಲ. ಆಪತ್ತು ಅಂದ್ರ ಇಬ್ರಿಗೂ ಆಪತ್ತು. ಬಿಡುವು ಅಂದ್ರ ಇಬ್ರಿಗೂ ಬಿಡುವು. ಯಾವುದಂತೀರಿ ಹೇಳ್ರಿ, ನಾ ತಯಾರ ಅದೇನಿ."

ದೇವೀಂದ್ರಪ್ಪ ಒಮ್ಮೆ ಅಪ್ಪನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. "ಇವತ್ತೊಂದ ದಿನ, ಕಸ್ತೂರಿ," ಎಂದ. ಆ ಮಾತಿಗೆ ಆಕೆಯ ನೆತ್ತಿ ಕಾದುಹೋಯಿತು. ಆಕೆಯ ಹದಿನಾರು ವರ್ಷ ಹೋದದ್ದೇ ಇವತ್ತೊಂದು ದಿನ, ಇವತ್ತೊಂದು ದಿನ ಎನ್ನುವುದರಲ್ಲಿ. ಒಂದೊಂದೇ ದಿನವಾಗಿ ಅಲ್ಲವೇ ಎಲ್ಲ ಹೆಂಗಸರ ಆಯುಷ್ಯ ಹೋಗುವುದು.

ಮೋಡ ಗುಡುಗಿತು. ಶಾಂತಲಿಂಗಪ್ಪ ಸೊಸೆಯ ಕಡೆ ಬೆನ್ನು ತಿರುಗಿಸಿ ಹೆಂಡತಿಯನ್ನು ಕೂಗಿದರು. "ಸುಭದ್ರಾ, ನಡಿ. ನೀನರೆ ನಡಿ. ಈಕಿಗೆ ಮನಿ ಬ್ಯಾಡಾಗೇದ."

ಸುಭದ್ರಾಬಾಯಿ ಒಲೆಯ ಮುಂದಿನಿಂದ ಎದ್ದಳು, ಹಳೆಯ ಸೀರೆಯ ಚೂರು ಸುತ್ತಿ ತಲೆಗೆ ಸಿಂಬಿ ಮಾಡಿದಳು, ಹೆಡಗಿ ಎತ್ತಿಕೊಂಡಳು. ಸೊಸೆಯ ಮುಂದೆ ಹಾದು ಹೋಗುವಾಗ ಆಕೆಯ ಮುಖದಲ್ಲಿ ಗೆದ್ದ ಕಳೆ ಇತ್ತು. ಹೊರಬಾಗಿಲಿಗೆ ಹೋಗಬೇಕಾದರೆ ದಂದಕ್ಕಿ ದಾಟಬೇಕು. ಅಲ್ಲಿ ನಾಲ್ಕೂ ಎತ್ತು ಮಲಗಿದ್ದವು. ಬೆಳಗ್ಗೆ ಸುಭದ್ರಾಬಾಯಿಯೇ ನೀರು ಹೊತ್ತು ಕೊಟ್ಟಿದ್ದಳು, ಬೀರಣ್ಣ ತೊಳೆದಿದ್ದ. ಕೋಡಿಗೆ ಎಣ್ಣೆ, ಹಣೆಗೆ ವಿಭೂತಿ, ಮುಂದೆ ಮೇವು, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದವು. ಸುಭದ್ರಾಬಾಯಿ ಅಲ್ಲಿ ನಿಂತಳು. ಮೊಣಕಾಲು ನೋಯಿತೋ, ಏನನಿಸಿತೋ, ಗ್ವಾದಲಿ ಹಿಡಿದುಕೊಂಡು ನಿಂತೇಬಿಟ್ಟಳು.

"ನಡಿ, ನಡಿ, ಮಳಿ ಬರ್ತದ," ಎಂದರು ಶಾಂತಲಿಂಗಪ್ಪ.

"ಇವನ್ನ ಯಾಕ ಹೂಡಬಾರದು?" ಎಂದಳು ಸುಭದ್ರಾಬಾಯಿ. ಜಗಳದ ದನಿಯಲ್ಲ. ಗೊತ್ತಿಲ್ಲದ್ದನ್ನು ಕೇಳುವ ದನಿ.

"ಏನ ಹುಚ್ಚರಂಗ ಕೇಳ್ತಿ? ಬಸವಣ್ಣ ಅದಾನ ಅವ."

"ಹಂಗಾರ ನಾ ಯಾರು?"

ಶಾಂತಲಿಂಗಪ್ಪ ಬಾಯಿ ತೆರೆದರು. ಮಠದಲ್ಲಿ ಭಾಷಣ ಮಾಡುವಾಗ ಹೆಣ್ಣು ಮನೆಯ ಲಕ್ಷ್ಮಿ, ಹೆಣ್ಣು ಸಾಕ್ಷಾತ್ ಅದು, ಸಾಕ್ಷಾತ್ ಇದು ಎಂದು ಗಂಟೆಗಟ್ಟಲೆ ಹೇಳುವ ಬಾಯಿ ಅದು. ಐವತ್ತೆರಡು ವರ್ಷ ಜೊತೆಗಿದ್ದ ಹೆಂಡತಿ ಮೊದಲ ಸಲ ಒಂದು ಪ್ರಶ್ನೆ ಕೇಳಿದ್ದಳು. ಸುಭದ್ರಾಬಾಯಿ ಸಾಕಷ್ಟು ಹೊತ್ತು ಕಾದಳು. ಆಮೇಲೆ ತಲೆಯ ಮೇಲಿನ ಸಿಂಬಿ ತೆಗೆದು ಗಂಡನ ಕೈಯಲ್ಲಿಟ್ಟು, ಹೆಡಗಿಯನ್ನು ಅವರ ಕಾಲ ಹತ್ತಿರ ಇಳಿಸಿ, ಒಳಗೆ ಬಂದಳು.

ತೆನೆ ಹೊತ್ತವರು ಶಾಂತಲಿಂಗಪ್ಪ, ದೇವೀಂದ್ರಪ್ಪ, ಬೀರಣ್ಣ ಮತ್ತು ಆ ಇನ್ನೊಬ್ಬ ಆಳು. ಪಂಚೆ ಕಚ್ಚೆ ಹಾಕಿ, ರುಮಾಲಿನ ಮೇಲೆ ಸಿಂಬಿಯಿಟ್ಟು, ಎಪ್ಪತ್ತೆರಡರ ಶಾಂತಲಿಂಗಪ್ಪ ಹೆಡಗಿ ಹೊತ್ತು ಬರುವುದನ್ನು ಊರು ನಿಂತು ನೋಡಿತು. ಮೂರನೆಯ ಖೇಪಿಗೆ ಮಳೆ ಹಿಡಿಯಿತು. ಕಾಲುಭಾಗವೂ ಮನೆ ಸೇರಲಿಲ್ಲ. ಉಳಿದದ್ದು ಕಣದಲ್ಲೇ ನೆನೆದು ಕಪ್ಪಾಯಿತು, ಆ ವರ್ಷ ಮನೆಯವರೆಲ್ಲ ಆ ಕಪ್ಪು ಜೋಳದ ಕಹಿ ರೊಟ್ಟಿಯನ್ನೇ ತಿಂದರು. ಹಾಳಾದ ಬೆಳೆಗೆ ಊರು ಸೊಸೆಯನ್ನು ಬೈಯಿತು. ಎತ್ತನ್ನು ಬೈಯಲಿಲ್ಲ.

ಒಳಗಿನ ಕೋಣೆಯಲ್ಲಿ ಕಸ್ತೂರಿಬಾಯಿ ತನ್ನ ಕೌದಿಯನ್ನು ಅತ್ತೆಗೆ ಹಾಸಿಕೊಟ್ಟಳು. ಸುಭದ್ರಾಬಾಯಿ ಅದರ ತುದಿಗೆ ಕೂತಳು. ಬೀಗರ ಮನೆಗೆ ಬಂದವರ ಹಾಗೆ ಕಾಲು ಮಡಿಚಿಕೊಂಡಿದ್ದಳು.

"ಮಲಗ್ರಿ ಅತ್ತಿ."

ಮಲಗಿದಳು. ಕಣ್ಣು ತೆರೆದೇ ಇತ್ತು, ಕೈ ಹೊಟ್ಟೆಯ ಮೇಲೆ ಏನನ್ನೋ ಹಸನು ಮಾಡುವಂತೆ ಆಡುತ್ತಿತ್ತು. "ಈಗೇನ ಮಾಡಬೇಕು?" ಎಂದು ಕೇಳಿದಳು.

"ಏನೂ ಮಾಡಬಾರದ್ರಿ."

"ಹಾಲು ಒಲಿ ಮ್ಯಾಲದ," ಎಂದು ಎದ್ದಳು. ಕಸ್ತೂರಿಬಾಯಿ ಕೈ ಹಿಡಿದು ಕೂರಿಸಿದಳು. ಸ್ವಲ್ಪ ಹೊತ್ತಿಗೆ, "ಕರುವಿನ ಹಗ್ಗ ಬಿಚ್ಚಿಲ್ಲ," ಎಂದು ಮತ್ತೆ ಎದ್ದಳು. ಕಸ್ತೂರಿಬಾಯಿ ಮತ್ತೆ ಹಿಡಿದಳು, ಈ ಸಲ ಬಿಡಲೇ ಇಲ್ಲ. ಮಳೆ ಮಾಳಿಗೆಯ ಮಣ್ಣಿನ ಮೇಲೆ ಜೋರಾಗಿ ಸುರಿಯತೊಡಗಿತು. ಹಿಡಿದ ಕೈ ಮೆಲ್ಲಗೆ ಸಡಿಲಾಯಿತು. ಅತ್ತೆಗೆ ನಿದ್ದೆ ಹತ್ತಿತ್ತು.

ಕಸ್ತೂರಿಬಾಯಿ ಆಕೆಯ ಕಾಲ ಕಡೆ ಕೂತಿದ್ದಳು. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆಯ ಅಂಗಾಲನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಕಾಲು ನೆಲದ ಮೇಲೇ ಇದ್ದರೆ ಅಂಗಾಲು ಕಾಣುವುದಾದರೂ ಹೇಗೆ? ಹಿಮ್ಮಡಿ ಉದ್ದಕ್ಕೂ ಸೀಳಿತ್ತು, ಸೀಳಿನೊಳಗೆ ಕರಿಮಣ್ಣು ಕೂತಿತ್ತು, ಒಂದು ಕಡೆ ಹಳೆಯ ಮುಳ್ಳು ಹಾಗೆಯೇ ಒಳಗೆ ಬೆಳೆದುಕೊಂಡಿತ್ತು. ಇಷ್ಟು ದಿನ ಈ ಮುದುಕಿಯನ್ನು ಬೈದದ್ದು ನೆನಪಾಗಿ ಕಸ್ತೂರಿಬಾಯಿಗೆ ತನ್ನ ಮೇಲೇ ರೇಗಿತು.

ಎರಡು ತಾಸಿನ ಮೇಲೆ ಸುಭದ್ರಾಬಾಯಿ ಕಣ್ಣು ಬಿಟ್ಟಳು. ಎಲ್ಲಿದ್ದೇನೆಂದು ತಿಳಿಯದೆ ಸೂರು ನೋಡಿದಳು. ಕೈಕಾಲು ಹಗುರಾದದ್ದು ಆಕೆಗೆ ಗೊತ್ತಾಯಿತು. ಬೆರಳು ಮಡಿಚಿ ನೋಡಿದಳು, ಮೊಣಕಾಲು ಮಡಿಚಿ ನೋಡಿದಳು. ಆಮೇಲೆ ಆಕೆಯ ಮುಖ ಬಿಗಿಯಿತು. ಕಸ್ತೂರಿಬಾಯಿ ಆ ಮುಖದ ಸಿಟ್ಟನ್ನು ಎಷ್ಟೋ ಸಲ ಕಂಡಿದ್ದಳು, ಆದರೆ ಇದು ತನ್ನ ಮೇಲಿನದಲ್ಲ ಎಂದು ಕೂಡಲೇ ತಿಳಿಯಿತು.

"ಬರೇ ಇಷ್ಟೇನು ಇದು?" ಎಂದಳು ಸುಭದ್ರಾಬಾಯಿ.

"ಇಷ್ಟೇ ಅತ್ತಿ."

ಹೊರಗೆ ಗಂಡಸರು ತೊಯ್ದು ಬಂದು ನಿಂತಿದ್ದರು. ಬಿಸಿನೀರು ಬೇಕೆಂದು ಶಾಂತಲಿಂಗಪ್ಪ ಕೂಗುತ್ತಿದ್ದರು. ಸುಭದ್ರಾಬಾಯಿ ಆ ಕೂಗನ್ನು ಕೇಳಿಸಿಕೊಂಡಳು, ಏಳಲಿಲ್ಲ. ಗೋಡೆಯ ಕಡೆ ನೋಡುತ್ತ ಹಲ್ಲು ಕಚ್ಚಿ ಕೇಳಿದಳು: "ಇಷ್ಟು ಕೊಡಾಕ ಇವರ ಗಂಟೇನ ಹೋಗ್ತಿತ್ತು?"

ಆರು ತಿಂಗಳಿಂದ ಮಾವನಿಗೆ, ಗಂಡನಿಗೆ, ಇಡೀ ಊರಿಗೆ ಮಾತಿಗೆ ಮಾತು ಕೊಟ್ಟಿದ್ದ ಕಸ್ತೂರಿಬಾಯಿ ಅತ್ತೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಆ ಹಳೆಯ ಮುಳ್ಳಿಗೆ ಬೆರಳು ಹಚ್ಚಿದಳು.